ಬೇಸ್‌ಬಾಲ್‌ನ ವಿಚಿತ್ರ ವ್ಯಕ್ತಿಗಳು: ತೆರೆಯ ಮೇಲೆ ನಗು, ತೆರೆಯಾಚೆ ಬದುಕು

1963ರ ಜೂನ್ 23. ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ಮೆಟ್ಸ್ ತಂಡದ ಜಿಮ್ಮಿ ಪಿಯರ್ಸಲ್ ತಮ್ಮ ವೃತ್ತಿಜೀವನದ ನೂರನೆಯ ಹೋಮ್‌ರನ್ ಬಾರಿಸಿದರು. ಚೆಂಡು ಮೈದಾನದಾಚೆ ಬಿದ್ದ ಮೇಲೆ ಹೊಡೆದಾತ ನಾಲ್ಕೂ ಬೇಸ್‌ಗಳನ್ನು ಒಂದು ಸುತ್ತು ಓಡಿ ಬರುವುದು ಬೇಸ್‌ಬಾಲ್‌ನ ಪದ್ಧತಿ. ಪಿಯರ್ಸಲ್ ಕೂಡ ಓಡಿದರು, ಆದರೆ ಹಿಮ್ಮುಖವಾಗಿ! ಪ್ರೇಕ್ಷಕರು ನಕ್ಕರು. ಅದೇ ವರ್ಷ ಮೆಟ್ಸ್ ತಂಡ ಅವರನ್ನು ಕೈಬಿಟ್ಟಿತು.

ಅಮೆರಿಕದ ಬೇಸ್‌ಬಾಲ್ ಅಭಿಮಾನಿಗೆ ಇಂತಹ ವಿಚಿತ್ರ ವ್ಯಕ್ತಿಗಳೆಂದರೆ ಎಲ್ಲಿಲ್ಲದ ಪ್ರೀತಿ. ಹಾಲಿವುಡ್ಡಿಗೂ ಅಷ್ಟೇ. ಆದರೆ ಮೈದಾನದ ವಿಚಿತ್ರ ಮನುಷ್ಯ ತೆರೆಗೆ ಬರುವಷ್ಟರಲ್ಲಿ ಒಂದು ಬದಲಾವಣೆ ನಡೆದಿರುತ್ತದೆ. ಆತನ ವಿಲಕ್ಷಣತೆ ಉಳಿಯುತ್ತದೆ, ಅದಕ್ಕಾಗಿ ಆತ ತೆತ್ತ ಬೆಲೆ ಮಾತ್ರ ಮಾಯವಾಗುತ್ತದೆ.

ಏಕಾಂಗಿಯ ಆಟ:

ಬೇಸ್‌ಬಾಲ್‌ನಲ್ಲಿಯೇ ಇಂತಹವರು ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಆಟದ ಸ್ವರೂಪವೂ ಒಂದು ಕಾರಣವಿರಬಹುದು. ಕ್ರಿಕೆಟ್‌ನಲ್ಲಿ ಆರು ಎಸೆತಗಳ ನಂತರ ಬೌಲರ್‌ಗೆ ಬಿಡುವು ಸಿಗುತ್ತದೆ. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಪಿಚರ್‌ಗೆ ಆ ಸೌಲಭ್ಯವಿಲ್ಲ. ಎದುರಾಳಿ ತಂಡದ ಮೂವರು ಔಟಾಗುವವರೆಗೆ ಮಣ್ಣಿನ ದಿಬ್ಬದ ಮೇಲೆ ಒಬ್ಬನೇ ನಿಂತು ಎಸೆಯುತ್ತಲೇ ಇರಬೇಕು. ಒಂದು ಋತುವಿಗೆ ಪ್ರತಿ ತಂಡಕ್ಕೆ 162 ಪಂದ್ಯಗಳು. ಕಾಯುವಿಕೆಯೇ ಹೆಚ್ಚಾಗಿರುವ ಈ ಆಟದಲ್ಲಿ ಮನುಷ್ಯನ ಸ್ವಭಾವವೆಲ್ಲ ಸಾವಿರಾರು ಕಣ್ಣುಗಳ ಮುಂದೆ ಬಯಲಾಗುತ್ತದೆ.

ನಗೆಯ ಹಿಂದಿನ ಕಾಯಿಲೆ:

ಪಿಯರ್ಸಲ್ ಅವರ ಹಿಮ್ಮುಖ ಓಟಕ್ಕೆ ಒಂದು ಹಿನ್ನೆಲೆಯಿದೆ. 1952ರಲ್ಲಿ ಬಾಸ್ಟನ್ ರೆಡ್‌ ಸಾಕ್ಸ್ ತಂಡದಲ್ಲಿದ್ದಾಗ ಅವರು ಜಗಳ, ಕುಚೇಷ್ಟೆಗಳಿಂದ ಸುದ್ದಿಯಾಗಿದ್ದರು. ಗ್ಯಾಲರಿಯಲ್ಲಿದ್ದವರಿಗೆ ಅದು ಮನರಂಜನೆ. ಕೊನೆಗೆ ಅವರು ಸೇರಿದ್ದು ಮಾನಸಿಕ ಆಸ್ಪತ್ರೆಗೆ. ಮರುವರ್ಷವೇ ಮೈದಾನಕ್ಕೆ ಮರಳಿದ ಪಿಯರ್ಸಲ್, 1955ರಲ್ಲಿ 'ಫಿಯರ್ ಸ್ಟ್ರೈಕ್ಸ್ ಔಟ್' ಎಂಬ ಆತ್ಮಕಥೆಯನ್ನು ಹೊರತಂದರು. ಮನೋರೋಗದ ಬಗ್ಗೆ ಪಿಸುಮಾತಿನಲ್ಲಷ್ಟೇ ಮಾತನಾಡುತ್ತಿದ್ದ ಕಾಲದಲ್ಲಿ ಖ್ಯಾತ ಆಟಗಾರನೊಬ್ಬ ತನ್ನ ಕಾಯಿಲೆಯನ್ನು ಬಹಿರಂಗವಾಗಿ ಹೇಳಿಕೊಂಡದ್ದು ಸಣ್ಣ ಧೈರ್ಯವೇನಲ್ಲ.

1957ರಲ್ಲಿ ಅದೇ ಹೆಸರಿನ ಚಿತ್ರ ಬಂದಿತು. ಮುಂದೆ 'ಸೈಕೋ' ಚಿತ್ರದಿಂದ ಜಗತ್ಪ್ರಸಿದ್ಧರಾದ ಆಂಥೊನಿ ಪರ್ಕಿನ್ಸ್ ನಾಯಕ. ಮಗನ ಮೇಲೆ ತನ್ನ ಕನಸುಗಳನ್ನೆಲ್ಲ ಹೇರುವ ತಂದೆಯಾಗಿ ಕಾರ್ಲ್ ಮಾಲ್ಡೆನ್. ನಟನೆ ಗಂಭೀರವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸ್ವತಃ ಪಿಯರ್ಸಲ್ ಅವರಿಗೇ ಚಿತ್ರ ಹಿಡಿಸಲಿಲ್ಲ. ಸಂಗತಿಗಳನ್ನು ತಿರುಚಲಾಗಿದೆ, ತಂದೆಯ ಮೇಲೆ ಅತಿಯಾಗಿ ದೋಷ ಹೊರಿಸಲಾಗಿದೆ ಎಂಬುದು ಅವರ ಆಕ್ಷೇಪ. ಚಿತ್ರಕಥೆಗೆ ಒಬ್ಬ ಅಪರಾಧಿ ಬೇಕು, ಕೊನೆಗೊಂದು ಸಂಪೂರ್ಣ ಚೇತರಿಕೆ ಬೇಕು. ಕಾಯಿಲೆಗೆ ಇವೆರಡರ ಹಂಗಿಲ್ಲ.

ಗುರಿಯಿಲ್ಲದ ಮಿಂಚು:

ಸ್ಟೀವ್ ಡಾಲ್ಕೋವ್ಸ್ಕಿ ಕಥೆ ಇನ್ನೂ ಮನಕಲಕುವಂತಹದು. ಬೇಸ್‌ಬಾಲ್ ಕಂಡ ಅತಿ ವೇಗದ ಎಸೆತಗಾರ ಈತನೇ ಎನ್ನುವವರು ಇಂದಿಗೂ ಇದ್ದಾರೆ. ತೊಂದರೆಯೆಂದರೆ ಚೆಂಡು ಎಲ್ಲಿಗೆ ಹೋಗುತ್ತದೆಂದು ಎಸೆದವರಿಗೇ ಗೊತ್ತಿರುತ್ತಿರಲಿಲ್ಲ. ನಾಲ್ಕು ಎಸೆತ ಗುರಿ ತಪ್ಪಿದರೆ ಬ್ಯಾಟ್ಸ್‌ಮನ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದುಹೋಗುತ್ತಾನೆ. ಇದಕ್ಕೆ 'ವಾಕ್' ಎನ್ನುತ್ತಾರೆ. 1960ರಲ್ಲಿ ಸ್ಟಾಕ್‌ಟನ್ ತಂಡದ ಪರ 170 ಇನ್ನಿಂಗ್ಸ್‌ಗಳಲ್ಲಿ ಡಾಲ್ಕೋವ್ಸ್ಕಿ ಸ್ಟ್ರೈಕ್‌ಔಟ್ ಮಾಡಿದ್ದು 262 ಮಂದಿಯನ್ನು, ವಾಕ್ ನೀಡಿದ್ದೂ 262!

ಇದೇ ಒರಿಯೋಲ್ಸ್ ಸಂಸ್ಥೆಯ ಕಿರಿಯ ತಂಡಗಳಲ್ಲಿ ಕೆಲಕಾಲ ಆಡಿದ್ದ ರಾನ್ ಶೆಲ್ಟನ್, ಅಲ್ಲಿ ಕೇಳಿದ ಕಥೆಗಳನ್ನು ಮರೆಯಲಿಲ್ಲ. ಅವರು ನಿರ್ದೇಶಿಸಿದ 'ಬುಲ್ ಡರ್ಹಮ್' (1988) ಚಿತ್ರದ 'ನ್ಯೂಕ್' ಲಲೂಷ್ ಪಾತ್ರಕ್ಕೆ ಡಾಲ್ಕೋವ್ಸ್ಕಿಯೇ ಸ್ಫೂರ್ತಿ. ಟಿಮ್ ರಾಬಿನ್ಸ್ ನಟಿಸಿದ ಈ ಪಾತ್ರ ಮೊದಲ ಪಂದ್ಯದಲ್ಲೇ 18 ಸ್ಟ್ರೈಕ್‌ಔಟ್, 18 ವಾಕ್‌ಗಳ ದಾಖಲೆ ಮಾಡಿ ನಗೆ ಉಕ್ಕಿಸುತ್ತದೆ. ಕೆವಿನ್ ಕಾಸ್ಟ್ನರ್ ಪಾತ್ರದ ಮಾರ್ಗದರ್ಶನದಲ್ಲಿ ಪಳಗಿದ ನ್ಯೂಕ್ ಕೊನೆಗೆ ಮೇಜರ್ ಲೀಗ್‌ಗೆ ಏರುತ್ತಾನೆ.

ಡಾಲ್ಕೋವ್ಸ್ಕಿ ಏರಲಿಲ್ಲ. 1963ರಲ್ಲಿ, ಮೇಜರ್ ಲೀಗ್ ಇನ್ನೇನು ಕೈಗೆಟುಕಿತು ಎನ್ನುವ ಹೊತ್ತಿಗೆ, ಅವರ ಮೊಣಕೈಗೆ ಪೆಟ್ಟಾಯಿತು. ಆ ವೇಗ ಮತ್ತೆಂದೂ ಮರಳಲಿಲ್ಲ. ಮದ್ಯದ ಚಟ, ಹೊಲಗಳಲ್ಲಿ ಕೂಲಿ, ಕಡೆಗೆ ಮರೆವು. ಮೇಜರ್ ಲೀಗ್‌ನ ಒಂದು ಅಧಿಕೃತ ಪಂದ್ಯವನ್ನೂ ಆಡದೆ, 2020ರ ಏಪ್ರಿಲ್‌ನಲ್ಲಿ ಕೋವಿಡ್ ಸೋಂಕಿನಿಂದ 80ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಕನ್ನಡಕ ಮತ್ತು ಕೊನೆಯ ಎಸೆತ:

'ಮೇಜರ್ ಲೀಗ್' (1989) ಚಿತ್ರ ಗುರಿ ತಪ್ಪುವ ಎಸೆತಗಾರನ ಸಮಸ್ಯೆಗೆ ಇನ್ನೂ ಸುಲಭದ ಪರಿಹಾರ ಕಂಡುಕೊಂಡಿತು. ಚಾರ್ಲಿ ಶೀನ್ ನಟಿಸಿದ ರಿಕ್ ವಾನ್‌ನ ತೊಂದರೆ ದೃಷ್ಟಿದೋಷವಷ್ಟೇ. ಕನ್ನಡಕ ಹಾಕಿದೊಡನೆ ಎಲ್ಲವೂ ಸರಿಹೋಗುತ್ತದೆ. ನಿರ್ಣಾಯಕ ಪಂದ್ಯದಲ್ಲಿ 'ವೈಲ್ಡ್ ಥಿಂಗ್' ಹಾಡಿನ ಅಬ್ಬರದ ನಡುವೆ ಬಂದು ಎದುರಾಳಿಯನ್ನು ಕೆಡವುತ್ತಾನೆ. ವಿಪರ್ಯಾಸವೆಂದರೆ ಡಾಲ್ಕೋವ್ಸ್ಕಿ ಕೂಡ ದಪ್ಪ ಗಾಜಿನ ಕನ್ನಡಕ ಧರಿಸುತ್ತಿದ್ದರು. ಅದರಿಂದೇನೂ ಗುರಿ ಸಿಗಲಿಲ್ಲ.

ಚಿತ್ರದ ಆ ಅಡ್ಡಹೆಸರು ನಿಜ ಜೀವನದಲ್ಲಿ ಮಿಚ್ ವಿಲಿಯಮ್ಸ್ ಅವರಿಗೆ ಅಂಟಿಕೊಂಡಿತು. 1993ರಲ್ಲಿ ಫಿಲಡೆಲ್ಫಿಯಾ ಪರ ಆಡುವಾಗ ಅವರು ವಾನ್‌ನ 99ನೇ ಸಂಖ್ಯೆಯ ಅಂಗಿಯನ್ನೂ ತೊಟ್ಟರು. ಆ ವರ್ಷದ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದ ಕೊನೆಯಲ್ಲಿ ಚೆಂಡು ಅವರ ಕೈಗೆ ಬಂತು. ಆದರೆ ಅದು ಸಿನಿಮಾ ಆಗಿರಲಿಲ್ಲ. ಟೊರಾಂಟೊದ ಜೋ ಕಾರ್ಟರ್ ಹೋಮ್‌ರನ್ ಬಾರಿಸಿದರು, ಪ್ರಶಸ್ತಿ ಕೈತಪ್ಪಿತು. ಆ ಸರಣಿಯ ದಿನಗಳಲ್ಲಿ ವಿಲಿಯಮ್ಸ್‌ಗೆ ಕೊಲೆ ಬೆದರಿಕೆಗಳೂ ಬಂದವು. ವಿಚಿತ್ರ ವರ್ತನೆಗೆ ಸಿಗುವ ಅಭಿಮಾನದ ಆಯುಷ್ಯ ಗೆಲುವಿರುವವರೆಗೆ ಮಾತ್ರ!

ಚೆಂಡಿನೊಂದಿಗೆ ಮಾತು:

ಹಾಗೆಂದು ಎಲ್ಲ ವಿಚಿತ್ರತೆಯ ಹಿಂದೆಯೂ ನೋವೇ ಇರುತ್ತದೆ ಎಂದಲ್ಲ. 1976ರಲ್ಲಿ ಡೆಟ್ರಾಯಿಟ್ ತಂಡಕ್ಕೆ ಬಂದ ಮಾರ್ಕ್ ಫಿಡ್ರಿಚ್ ಮೊಣಕಾಲೂರಿ ದಿಬ್ಬದ ಮಣ್ಣನ್ನು ಕೈಯಿಂದ ಸಮ ಮಾಡುತ್ತಿದ್ದರು, ಚೆಂಡಿನ ಜೊತೆ ಮಾತನಾಡುವಂತೆ ಕಾಣುತ್ತಿದ್ದರು. 'ದ ಬರ್ಡ್' ಎಂಬ ಅಡ್ಡಹೆಸರಿನ ಈ ಯುವಕ ಮೊದಲ ಋತುವಿನಲ್ಲೇ 19 ಪಂದ್ಯ ಗೆದ್ದು ವರ್ಷದ ಶ್ರೇಷ್ಠ ಹೊಸ ಆಟಗಾರ ಎನಿಸಿದರು. ಮರುವರ್ಷದಿಂದಲೇ ಗಾಯಗಳು ಬೆನ್ನುಹತ್ತಿದವು. 1980ರ ನಂತರ ಅವರು ಮೇಜರ್ ಲೀಗ್‌ನಲ್ಲಿ ಆಡಲಿಲ್ಲ. 2009ರಲ್ಲಿ ತಮ್ಮ ಕೃಷಿಭೂಮಿಯಲ್ಲಿ ಲಾರಿ ದುರಸ್ತಿ ಮಾಡುವಾಗ ಅಪಘಾತಕ್ಕೀಡಾಗಿ ಮೃತಪಟ್ಟರು.

2023ರಿಂದ ಮೇಜರ್ ಲೀಗ್‌ನಲ್ಲಿ ಗಡಿಯಾರದ ನಿಯಮ ಬಂದಿದೆ. ಬೇಸ್‌ಗಳು ಖಾಲಿಯಿದ್ದರೆ ಪಿಚರ್ 15 ಸೆಕೆಂಡುಗಳೊಳಗೆ ಎಸೆತ ಆರಂಭಿಸಲೇಬೇಕು. ಆಟ ಚುರುಕಾಗಿದೆ, ನಿಜ. ಚೆಂಡಿನೊಂದಿಗೆ ಸಂಭಾಷಿಸಲು ಮಾತ್ರ ಈಗ ಹೆಚ್ಚು ಪುರುಸೊತ್ತಿಲ್ಲ. ಇನ್ನು ಮುಂದೆ ಇಂತಹ ಆಟಗಾರರು ಹೆಚ್ಚಾಗಿ ಸಿನಿಮಾಗಳಲ್ಲೇ ಸಿಗಬಹುದು. ಆಗ ನಗಬೇಕು, ಖಂಡಿತ. ಆದರೆ ಚಿತ್ರ ಮುಗಿದು ದೀಪ ಹತ್ತಿದ ಮೇಲೆ, ಮೇಜರ್ ಲೀಗ್ ತಲುಪಿದ ನ್ಯೂಕ್‌ನ ಜೊತೆಗೆ ಅಲ್ಲಿಗೆ ತಲುಪದೇ ಹೋದ ಡಾಲ್ಕೋವ್ಸ್ಕಿಯೂ ನೆನಪಾದರೆ ಅದು ನಿಜವಾದ ಅಭಿಮಾನ.