ಒಂದೇ ಕಟ್ಟಡ, ಎರಡು ಪಾಲು

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಹೊಸ ಕೋಡ್ ಕೈಕೊಟ್ಟರೆ ರಾತ್ರೋರಾತ್ರಿ ಹಳೆಯದಕ್ಕೆ ಮರಳಬಹುದು. ಕಾಂಕ್ರೀಟಿನಲ್ಲಿ ಆ ಅನುಕೂಲವಿಲ್ಲ. ಸ್ಲ್ಯಾಬಿನೊಳಗೆ ಪೈಪು ಹೂತು ಕಾಂಕ್ರೀಟ್ ಸುರಿದ ಮೇಲೆ ತಪ್ಪು ಗೊತ್ತಾದರೆ ಒಡೆಯಬೇಕು, ಅಷ್ಟೇ. ಸಂಶೋಧನೆಯ ಎಷ್ಟೋ ಒಳ್ಳೆಯ ವಿಚಾರಗಳು ಕಾಗದದಲ್ಲೇ ಉಳಿಯುವುದು ಈ ಭಯಕ್ಕೆ.

ಹೈದರಾಬಾದಿನಿಂದ ವಾರಂಗಲ್ ಕಡೆಗೆ ಹೋಗುವಾಗ ಪೋಚಾರಂನ ಇನ್ಫೋಸಿಸ್ ಕ್ಯಾಂಪಸ್ ನೋಡಿರುತ್ತೀರಿ. 2011ರಲ್ಲಿ ಬಳಕೆಗೆ ಬಂದ ಅಲ್ಲಿನ ಒಂದು ಕಟ್ಟಡವನ್ನು ಎರಡು ಸಮಪಾಲು ಮಾಡಿದರು. ಒಂದಕ್ಕೆ ತಣ್ಣನೆ ಗಾಳಿ ಊದುವ ಮಾಮೂಲಿ ಏಸಿ. ಇನ್ನೊಂದಕ್ಕೆ ರೇಡಿಯಂಟ್ ಕೂಲಿಂಗ್: ಸ್ಲ್ಯಾಬಿನೊಳಗಿನ ಪೈಪುಗಳಲ್ಲಿ ತಣ್ಣೀರು ಹರಿಯುತ್ತದೆ, ತಂಪಾದ ಚಾವಣಿಯೇ ಕೆಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ.

ಯುರೋಪಿನಲ್ಲಿ ಇದು ಹೊಸತೇನಲ್ಲ. ಇಲ್ಲಿನ ಅಳುಕೇ ಬೇರೆ. ಮಳೆಗಾಲದ ತೇವದ ಗಾಳಿ ತಣ್ಣನೆ ಚಾವಣಿಗೆ ತಾಗಿದರೆ, ಫ್ರಿಜ್ಜಿನಿಂದ ತೆಗೆದಿಟ್ಟ ಬಾಟಲಿಯ ಹಾಗೆ ಅದೂ ಬೆವರುತ್ತದೆ. ಲ್ಯಾಪ್‌ಟಾಪ್ ಮೇಲೆ ಹನಿ ಬಿದ್ದರೆ ಯಾವ ಸಂಶೋಧನೆಯೂ ಉಳಿಯುವುದಿಲ್ಲ! ಅದಕ್ಕೆ ಹೊರಗಿನ ಗಾಳಿಯ ತೇವ ತೆಗೆದೇ ಒಳಗೆ ಬಿಡುತ್ತಾರೆ, ನೀರನ್ನೂ ತೀರಾ ತಣ್ಣಗೆ ಮಾಡುವುದಿಲ್ಲ.

ನನಗೆ ಹಿಡಿಸಿದ್ದು ಹೋಲಿಕೆಯ ಪ್ರಾಮಾಣಿಕತೆ. ಎರಡೂ ಕಡೆ ಅದೇ ಗೋಡೆ, ಅದೇ ಗಾಜು, ಅದೇ ನೆರಳು. ಹೊಸದು ಗೆಲ್ಲಲಿ ಎಂದು ಹಳೆಯದನ್ನು ಕಳಪೆ ಮಾಡಲಿಲ್ಲ. ಮಾಮೂಲಿ ಏಸಿಯನ್ನೂ ಚೆನ್ನಾಗಿಯೇ ವಿನ್ಯಾಸ ಮಾಡಿದ್ದರು. ಕಂಪನಿಯ ಗುರುಪ್ರಕಾಶ್ ಶಾಸ್ತ್ರಿ ಮತ್ತು ಎಂಜಿನಿಯರ್ ಪೀಟರ್ ರಮ್ಸೆ 2014ರಲ್ಲಿ ಆಶ್ರೇ ಜರ್ನಲ್‌ನಲ್ಲಿ ಎರಡು ವರ್ಷಗಳ ಲೆಕ್ಕ ಕೊಟ್ಟರು. ರೇಡಿಯಂಟ್ ಪಾಲಿನ ತಂಪಿಗೆ ಶೇ. 34ರಷ್ಟು ಕಡಿಮೆ ವಿದ್ಯುತ್ ಸಾಕಾಗಿತ್ತು. ಕಟ್ಟುವ ಖರ್ಚೂ ಹೆಚ್ಚಾಗಿರಲಿಲ್ಲ, ತುಸು ಕಡಿಮೆಯೇ. ಆಮೇಲೆ ತಮ್ಮ ಬೇರೆ ಕ್ಯಾಂಪಸ್‌ಗಳಿಗೂ ಇದನ್ನು ಒಯ್ದರು. ಕೆಟ್ಟಿದ್ದರೆ ಅರ್ಧ ಕಟ್ಟಡವಾದರೂ ಕೈಯಲ್ಲಿರುತ್ತಿತ್ತು. ಪೂರ್ತಿ ಕಟ್ಟಡಕ್ಕೆ ಹಾಕಿದ್ದರೆ ಉಳಿತಾಯ ಹೊಸ ವಿಧಾನದ್ದೋ, ಒಳ್ಳೆಯ ಗೋಡೆ ಗಾಜಿನದ್ದೋ ಎಂಬ ವಾದ ಇಂದಿಗೂ ಮುಗಿಯುತ್ತಿರಲಿಲ್ಲ.

ಅಷ್ಟು ದೊಡ್ಡ ಜೇಬು ಎಲ್ಲರಿಗೂ ಇರುವುದಿಲ್ಲ, ನಿಜ. ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸುತ್ತಿರುವ ತಮ್ಮ ಮೊನ್ನೆ ಫೋನ್ ಮಾಡಿದ್ದ. ಬಿಸಿಲು ಕಡಿಮೆಯಾಗುತ್ತದಂತೆ, ಇಡೀ ಮನೆಗೆ ಹೆಂಚು ಇಟ್ಟು ಫಿಲ್ಲರ್ ಸ್ಲ್ಯಾಬ್ ಹಾಕಿಸಲಾ ಅಂದ. ಅಲ್ಲಿನ ಮೇಸ್ತ್ರಿ ಅದನ್ನು ಒಮ್ಮೆಯೂ ಮಾಡಿದವನಲ್ಲ. ಮೊದಲು ಕಾರು ನಿಲ್ಲಿಸುವ ಜಾಗದ ಮೇಲೆ ಹಾಕಿಸು, ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ, ಮಹಡಿಗೆ ಆಮೇಲೆ ನೋಡೋಣ ಅಂದೆ. ಮೇಸ್ತ್ರಿಗೂ ಅದೇ ಸಮಾಧಾನವಂತೆ.