ಬಾನುಲಿಯ ಹೊಸ ರೀತಿ: ಗಡಿಯಾಚೆಯ ಒಕ್ಕಲಿಗರು ತಿಳಿದಿರಬೇಕಾದ ಸಂಗತಿಗಳು

ಹೊಲದ ಕೆಲಸ ತೀರಿಸಿ ಬಂದು, ಕೈಕಾಲು ತೊಳೆದು, ಕಟ್ಟೆಯ ಮೇಲೆ ಕುಳಿತು ರೇಡಿಯೋದ ಗುಂಡಿ ತಿರುಗಿಸುವುದು ನಮ್ಮ ಊರುಗಳಲ್ಲಿ ಬಹುಕಾಲದ ರೂಢಿ. ಅದರಲ್ಲೂ ಗಡಿಯ ಆಚೆ ಇರುವ ಕನ್ನಡಿಗರಿಗೆ ಈ ಪೆಟ್ಟಿಗೆ ಬರೀ ವಿನೋದದ ವಸ್ತುವಲ್ಲ. ಕೃಷಿ ಇಲಾಖೆಯ ಕರಪತ್ರ ನಮಗೆ ಬರುವುದು ಮರಾಠಿಯಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ಮಲಯಾಳದಲ್ಲೋ. ಮನೆಯ ಗಂಡಸರು ಅದನ್ನು ಓದಿ ತಿಳಿದಾರು. ಬೀಜ ಕಾಯ್ದಿಡುವ, ದನ ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ತಮ್ಮ ನುಡಿಯಲ್ಲಿ ತಿಳಿವಳಿಕೆ ಕೊಡುತ್ತ ಬಂದದ್ದು ಬಾನುಲಿ.

ಧಾರವಾಡದ ಆಕಾಶವಾಣಿ ನಿಲಯ 1950ರ ಜನವರಿ 8ರಂದು ಪ್ರಾರಂಭವಾಯಿತು. ಬೆಂಗಳೂರಿನದು 1955ರಲ್ಲಿ, ಕಲಬುರ್ಗಿಯದು 1966ರಲ್ಲಿ, ಮಂಗಳೂರಿನದು 1976ರಲ್ಲಿ ಬಂದವು. ರಾಜ್ಯಗಳ ಎಲ್ಲೆ 1956ರಲ್ಲಿ ಗೊತ್ತಾಯಿತು. ಆದರೆ ಬಾನುಲಿಯ ಅಲೆಗೆ ಎಲ್ಲೆಯ ಕಲ್ಲು ಅಡ್ಡ ಬರಲಿಲ್ಲ. ಜತ್ತ, ಅಕ್ಕಲಕೋಟೆಯ ಕಡೆಯವರು ಧಾರವಾಡವನ್ನೂ ಕಲಬುರ್ಗಿಯನ್ನೂ, ಹೊಸೂರು, ಮಡಕಶಿರಾ ಕಡೆಯವರು ಬೆಂಗಳೂರನ್ನೂ, ಕಾಸರಗೋಡಿನವರು ಮಂಗಳೂರನ್ನೂ ಕೇಳುತ್ತ ಬಂದರು. ಈಗ ಈ ಬಾನುಲಿಯ ರೀತಿಯೇ ಮೆಲ್ಲಮೆಲ್ಲನೆ ಬದಲಾಗುತ್ತಿದೆ. ಹಳೆಯ ಅನಲಾಗ್ ಪ್ರಸಾರ ಹೋಗಿ ಡಿಜಿಟಲ್ ಪ್ರಸಾರ ಬರುವುದೆಂದು ಹೇಳುತ್ತಾರೆ. ಇದರಿಂದ ನಮಗೆ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ಇಲ್ಲಿ ವಿಚಾರಿಸೋಣ.

ಎರಡು ರೀತಿಗಳ ಭೇದ

ಹಳೆಯ ರೀತಿಯಲ್ಲಿ ಮಾತಿನ ಏರಿಳಿತಕ್ಕೆ ಸರಿಯಾಗಿ ಅಲೆಯೂ ಏರಿಳಿಯುತ್ತದೆ. ಇದು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಕೂಗಿ ಹೇಳಿದ ಹಾಗೆ. ದೂರವಾದಂತೆ ದನಿ ಸಣ್ಣದಾಗುತ್ತದೆ, ಗಾಳಿಯ ಸದ್ದು ಬೆರೆಯುತ್ತದೆ. ಆದರೂ ಕಿವಿಗೊಟ್ಟು ಕೇಳಿದರೆ ಮಾತು ಗೊತ್ತಾಗುತ್ತದೆ. ಸಿಡಿಲು ಹೊಡೆದಾಗ, ನೆರೆಯ ಪಂಪು ಚಾಲೂ ಆದಾಗ ರೇಡಿಯೋ ಗರಗರ ಎನ್ನುವುದು ಈ ಕಾರಣದಿಂದಲೇ.

ಹೊಸ ರೀತಿಯಲ್ಲಿ ಮಾತನ್ನು ಮೊದಲು ಅಂಕಿಗಳಾಗಿ ಮಾರ್ಪಡಿಸಿ, ಆ ಅಂಕಿಗಳನ್ನು ಅಲೆಯ ಮೇಲೆ ಕಳಿಸುತ್ತಾರೆ. ರೇಡಿಯೋ ಪೆಟ್ಟಿಗೆಯು ಅಂಕಿಗಳನ್ನು ಓದಿ ಮತ್ತೆ ಮಾತು ಮಾಡುತ್ತದೆ. ಇದು ಅಡತಿ ಅಂಗಡಿಯ ಚೀಟಿಯ ಹಾಗೆ. ಮೂರು ಗಾಡಿಗಳಲ್ಲಿ ಬಂದ ಚೀಲಗಳ ಲೆಕ್ಕ 12, 15, 18 ಎಂದು ಬರೆದು ಕೆಳಗೆ 45 ಎಂದು ಮೊತ್ತ ಹಾಕಿದೆ ಎನ್ನೋಣ. ಮಳೆಹನಿ ಬಿದ್ದು 18 ಅಳಿಸಿಹೋದರೂ ಮೊತ್ತ ನೋಡಿ ಅದನ್ನು ಕಂಡುಹಿಡಿಯಬಹುದು. ಡಿಜಿಟಲ್ ಪ್ರಸಾರದಲ್ಲಿಯೂ ಹೀಗೆಯೇ ಹೆಚ್ಚಿನ ಅಂಕಿಗಳನ್ನು ಸೇರಿಸಿರುತ್ತಾರೆ. ದಾರಿಯಲ್ಲಿ ಕೆಲವು ಕೆಟ್ಟರೂ ಪೆಟ್ಟಿಗೆ ಅವನ್ನು ಸರಿಮಾಡಿಕೊಳ್ಳುತ್ತದೆ. ಗರಗರ ಇಲ್ಲದ ಸ್ವಚ್ಛ ದನಿ ಕೇಳುತ್ತದೆ. ಆದರೆ ಎರಡು ಲೆಕ್ಕಗಳು ಒಟ್ಟಿಗೆ ಅಳಿಸಿದರೆ ಮೊತ್ತದಿಂದಲೂ ಪ್ರಯೋಜನವಿಲ್ಲ. ಹಾಗೆಯೇ ಅಲೆ ಒಂದು ಮಟ್ಟಕ್ಕಿಂತ ಕ್ಷೀಣಿಸಿದೊಡನೆ ಡಿಜಿಟಲ್ ರೇಡಿಯೋ ಸಣ್ಣಗೆ ಕೇಳುವುದಿಲ್ಲ, ಪೂರ್ತಿ ಮೌನವಾಗುತ್ತದೆ. ಬಂದರೆ ಹದಿನಾರಾಣೆ, ಬಾರದಿದ್ದರೆ ಏನೂ ಇಲ್ಲ. ನಿಲಯದಿಂದ ದೂರ ಇರುವ ನಾವು ಈ ಗುಣವನ್ನು ನೆನಪಿನಲ್ಲಿಡತಕ್ಕದ್ದು.

ಮಧ್ಯಮತರಂಗವೂ ಎಫ್.ಎಂ. ಕೂಡ

ಮಧ್ಯಮತರಂಗದ ಅಲೆ ಉದ್ದವಾದದ್ದು. ಹಗಲಿನಲ್ಲಿ ಅದು ನೆಲವನ್ನು ಅನುಸರಿಸಿ, ಗುಡ್ಡ ದಿಣ್ಣೆಗಳನ್ನು ಬಳಸಿಕೊಂಡು ಬಹುದೂರ ಹೋಗುತ್ತದೆ. ರಾತ್ರಿ ಬಹು ಎತ್ತರದ ವಾಯುಪದರಕ್ಕೆ ತಾಗಿ ಹಿಂದಿರುಗಿ ಇನ್ನೂ ದೂರದಲ್ಲಿ ಇಳಿಯುತ್ತದೆ. ಎಫ್.ಎಂ. ಅಲೆ ಗಿಡ್ಡ; ಅದು ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ನಡೆಯುವಂಥದು. ದನಿ ಇಂಪಾದದ್ದು ನಿಜ, ಆದರೆ ಗುಡ್ಡ ಅಡ್ಡವಾದರೆ ನಿಂತುಬಿಡುತ್ತದೆ.

ಆಕಾಶವಾಣಿಯು ಇತ್ತೀಚಿನ ವರ್ಷಗಳಲ್ಲಿ ಹಲವು ಹಳೆಯ ಮಧ್ಯಮತರಂಗ ಪ್ರೇಷಕ ಯಂತ್ರಗಳನ್ನು ನಿಲ್ಲಿಸಿ ಎಫ್.ಎಂ. ಪ್ರಸಾರವನ್ನು ಹೆಚ್ಚಿಸಿದೆ. 2023ರ ಏಪ್ರಿಲ್ 28ರಂದು ಒಂದೇ ದಿನ 91 ಎಫ್.ಎಂ. ಪ್ರೇಷಕಗಳು ಉದ್ಘಾಟನೆಯಾದವು. ಒಂದೊಂದೂ 100 ವ್ಯಾಟ್ ಶಕ್ತಿಯದು. ಇವೆಲ್ಲ ಸೇರಿ ಸುಮಾರು 35,000 ಚದರ ಕಿಲೋಮೀಟರ್ ಪ್ರದೇಶಕ್ಕೆ ಮುಟ್ಟುವುವೆಂದು ಸರ್ಕಾರ ತಿಳಿಸಿತು. ಲೆಕ್ಕ ಹಾಕಿದರೆ ಒಂದಕ್ಕೆ 385 ಚದರ ಕಿಲೋಮೀಟರಿನಷ್ಟು, ಅಂದರೆ ಸುತ್ತ 11 ಕಿಲೋಮೀಟರ್ ಮಾತ್ರ. ಆ ಆವರಣದೊಳಗಿನ ಊರಿಗೆ ಇದು ಒಳ್ಳೆಯದೇ. ಆದರೆ ಕರ್ನಾಟಕದ ಪಟ್ಟಣದಲ್ಲಿ ಇಂತಹ ಪ್ರೇಷಕ ಇಟ್ಟರೆ ಎಲ್ಲೆಯಿಂದ ಒಳಗಿರುವ ನಮ್ಮ ಹಳ್ಳಿಗೆ ಅದು ಮುಟ್ಟದು; ನಮ್ಮ ಹತ್ತಿರದ ಪಟ್ಟಣದಲ್ಲಿಟ್ಟರೆ ಅದು ಆ ರಾಜ್ಯದ ನುಡಿಯಲ್ಲಿ ಮಾತನಾಡುತ್ತದೆ. ಆದುದರಿಂದ ಗಡಿನಾಡಿನ ಕನ್ನಡ ಕೇಳುಗನಿಗೆ ಮಧ್ಯಮತರಂಗವೇ ದೊಡ್ಡ ಆಸರೆ. ಅದು ಉಳಿಯುವುದೋ ಅಳಿಯುವುದೋ ಎಂಬುದೇ ನಮ್ಮ ಪ್ರಶ್ನೆ.

ಆಕಾಶವಾಣಿ ಹಿಡಿದ ದಾರಿ

ಮಧ್ಯಮತರಂಗದಲ್ಲಿ ಅಂಕಿಗಳನ್ನು ಕಳಿಸುವ ಕ್ರಮಕ್ಕೆ ಡಿ.ಆರ್.ಎಂ. ಎಂದು ಹೆಸರು. ಆಕಾಶವಾಣಿಯು 2009ರ ಜನವರಿಯಲ್ಲಿ ದೆಹಲಿಯ ಬಳಿಯ ಖಾಮ್‌ಪುರದಿಂದ ಈ ಕ್ರಮದಲ್ಲಿ ಹ್ರಸ್ವತರಂಗ ಪ್ರಸಾರ ಆರಂಭಿಸಿತು. ಮುಂದೆ ದೇಶದ ಮೂವತ್ತೈದರಷ್ಟು ಮಧ್ಯಮತರಂಗ ಪ್ರೇಷಕಗಳನ್ನು ಇದಕ್ಕೆ ಅಳವಡಿಸಿತು. 200 ಕಿಲೋವ್ಯಾಟ್ ಶಕ್ತಿಯ ಬೆಂಗಳೂರಿನ 612 ಕಿಲೋಹರ್ಟ್ಸ್ ಮತ್ತು ಧಾರವಾಡದ 765 ಕಿಲೋಹರ್ಟ್ಸ್ ಪ್ರೇಷಕಗಳು ಆ ಪಟ್ಟಿಗೆ ಸೇರಿದವು.

ಈ ಕ್ರಮದ ಅನುಕೂಲಗಳು ಹಲವು. ಅಷ್ಟೇ ದೂರಕ್ಕೆ ಕಡಿಮೆ ವಿದ್ಯುತ್ ಸಾಕು. ಪೂರ್ತಿ ಡಿಜಿಟಲ್ ಆದರೆ ಒಂದೇ ಪ್ರೇಷಕದಿಂದ ಎರಡು ಮೂರು ಕಾರ್ಯಕ್ರಮಗಳನ್ನು ಕಳಿಸಬಹುದು. ಹವಾಮಾನ, ಪೇಟೆಧಾರಣೆಗಳನ್ನು ಪೆಟ್ಟಿಗೆಯ ಪರದೆಯ ಮೇಲೆ ಅಕ್ಷರದಲ್ಲಿ ತೋರಿಸಬಹುದು. ನೆರೆ, ಬಿರುಗಾಳಿಯ ಕಾಲದಲ್ಲಿ ಎಚ್ಚರಿಕೆಯ ಸಂಕೇತ ಬಂದೊಡನೆ ಪೆಟ್ಟಿಗೆ ತಾನೇ ಆ ಪ್ರಸಾರಕ್ಕೆ ತಿರುಗುವಂತೆ ಮಾಡುವ ಏರ್ಪಾಡೂ ಉಂಟು.

ಹಾಗಿದ್ದರೂ ಈ ಬದಲಾವಣೆ ಇಷ್ಟು ನಿಧಾನವೇಕೆ? ಇದು ಗಾಣದ ಎತ್ತಿನ ತಿರುಗಾಟದಂತೆ ಆಗಿದೆ. ಹಳೆಯ ಪೆಟ್ಟಿಗೆಗಳು ಡಿ.ಆರ್.ಎಂ. ಪ್ರಸಾರವನ್ನು ಹಿಡಿಯಲಾರವು. ಹೊಸ ಪೆಟ್ಟಿಗೆಗೆ ಹಲವು ಸಾವಿರ ರೂಪಾಯಿ ಬೇಕು. ಅಂಗಡಿಗಳಲ್ಲಿ ಅದು ಸಿಗುವುದೂ ಅಪರೂಪ. ಕೊಳ್ಳುವವರು ಹೆಚ್ಚದೆ ಬೆಲೆ ಇಳಿಯದು, ಬೆಲೆ ಇಳಿಯದೆ ಕೊಳ್ಳುವವರು ಹೆಚ್ಚರು. ಕೇಳುಗರಿಲ್ಲವೆಂದು ನಿಲಯವು ಹಳೆಯದನ್ನೂ ಹೊಸದನ್ನೂ ಜೊತೆಜೊತೆಯಾಗಿ ಕಳಿಸಬೇಕು. ಹಾಗೆ ಕಳಿಸುವ ತನಕ ವಿದ್ಯುತ್ತಿನ ಉಳಿತಾಯ ಪೂರ್ತಿ ಕೈಗೆ ಬಾರದು. ಕೆಲವು ಹೊಸ ಮೋಟಾರು ಕಾರುಗಳಲ್ಲಿ ಡಿ.ಆರ್.ಎಂ. ರೇಡಿಯೋ ಇರುವುದುಂಟು, ಆದರೆ ಕಾರು ಇರುವವನ ರೇಡಿಯೋ ಬೇರೆ, ಕಳೆ ತೆಗೆಯುವಾಗ ಬದುವಿನ ಮೇಲಿಡುವ ರೇಡಿಯೋ ಬೇರೆ.

2025ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಖಾಸಗಿ ಎಫ್.ಎಂ. ನಿಲಯಗಳಿಗೂ ಡಿಜಿಟಲ್ ಪ್ರಸಾರವನ್ನು ತರಬೇಕೆಂದು ಶಿಫಾರಸು ಮಾಡಿತು. ಮೊದಲ ಸರದಿಗೆ ಅದು ಹೇಳಿದ್ದು 4 ಮಹಾನಗರಗಳನ್ನೂ ಬೆಂಗಳೂರು ಸೇರಿ 9 ದೊಡ್ಡ ನಗರಗಳನ್ನೂ. ಹಳ್ಳಿಯ ಸರದಿ ಅವುಗಳ ಹಿಂದೆ.

ನಾರ್ವೆ ದೇಶದ ಪಾಠ

ಈ ಬದಲಾವಣೆಯನ್ನು ಕಡೆಯತನಕ ನಡೆಸಿದ ದೇಶ ನಾರ್ವೆ. ಅಲ್ಲಿ 1995ರಲ್ಲಿ ಡಿಜಿಟಲ್ ಬಾನುಲಿ ಆರಂಭವಾಯಿತು. 2011ರಲ್ಲಿ ಅಲ್ಲಿಯ ಸಂಸತ್ತು ಎಫ್.ಎಂ. ನಿಲ್ಲಿಸಲು ಒಪ್ಪಿತು, ಆದರೆ ಕರಾರು ಹಾಕಿತು: ಹೊಸ ಪ್ರಸಾರವು ಹಳೆಯದು ಮುಟ್ಟುವಷ್ಟೇ ಜನರಿಗೆ ಮುಟ್ಟಬೇಕು, ಕೇಳುಗರಲ್ಲಿ ಅರ್ಧದಷ್ಟಾದರೂ ಮೊದಲೇ ಡಿಜಿಟಲ್ ಕೇಳುತ್ತಿರಬೇಕು. ಅದಾದ ಬಳಿಕ 2017ರ ಜನವರಿಯಿಂದ ಡಿಸೆಂಬರಿನವರೆಗೆ ಜಿಲ್ಲೆ ಜಿಲ್ಲೆಯಾಗಿ ರಾಷ್ಟ್ರೀಯ ಎಫ್.ಎಂ. ಪ್ರಸಾರವನ್ನು ನಿಲ್ಲಿಸಿದರು. ಸಣ್ಣ ಸ್ಥಳೀಯ ನಿಲಯಗಳಿಗೆ ಎಫ್.ಎಂ.ನಲ್ಲಿ ಉಳಿಯಲು ಅವಕಾಶ ಕೊಟ್ಟರು. ಇಷ್ಟೆಲ್ಲಕ್ಕೆ 22 ವರ್ಷ ಹಿಡಿಯಿತು. ನಾವು ಕಲಿಯತಕ್ಕ ಪಾಠವಿಷ್ಟೆ: ಹೊಸ ಬಾವಿಗೆ ನೀರು ಬಂದದ್ದನ್ನು ನೋಡಿದ ಮೇಲೆ ಹಳೆಯ ಬಾವಿ ಮುಚ್ಚಬೇಕು. ನಮ್ಮಲ್ಲಿಯೂ ಅದೇ ಕ್ರಮ ನಡೆಯಬೇಕೆಂದು ಕೇಳುವ ಹಕ್ಕು ನಮಗಿದೆ.

ಈಗ ಮಾಡಬೇಕಾದದ್ದು

ಒಂದು: ಹಳೆಯ ರೇಡಿಯೋವನ್ನು ಗುಜರಿಗೆ ಹಾಕಬೇಡಿರಿ. ನಿಮ್ಮ ನಿಲಯದ ಮಧ್ಯಮತರಂಗ ಕೇಳುವ ತನಕ ಅದರಷ್ಟು ಅಗ್ಗದ ಸಾಧನ ಬೇರಿಲ್ಲ.

ಎರಡು: ಪೆಟ್ಟಿಗೆಯ ಮೇಲೆ ಅಂಕಿಗಳು ಬೆಳಗಿದ ಮಾತ್ರಕ್ಕೆ ಅದು ಡಿಜಿಟಲ್ ಪ್ರಸಾರ ಹಿಡಿಯುವ ರೇಡಿಯೋ ಅಲ್ಲ. ಗುಂಡಿ ತಿರುಗಿಸುವ ಬದಲು ಅಂಕಿ ಒತ್ತಿ ನಿಲಯ ಹುಡುಕುವ ಸಾಮಾನ್ಯ ರೇಡಿಯೋಗೂ ಪೆಟ್ಟಿಗೆಯ ಮೇಲೆ ಡಿಜಿಟಲ್ ಎಂದು ಬರೆದಿರುತ್ತಾರೆ. ಮಧ್ಯಮತರಂಗದಲ್ಲಿ ಡಿ.ಆರ್.ಎಂ. ಉಂಟೇ ಎಂದು ಕೇಳಿರಿ. ಸಾಧ್ಯವಾದರೆ ನಿಮ್ಮ ಮನೆಯಲ್ಲೂ ಪಂಪಿನ ಕೊಠಡಿಯಲ್ಲೂ, ಹಗಲೂ ರಾತ್ರಿಯೂ ಕೇಳಿ ನೋಡಿ ಹಣ ಕೊಡಿರಿ.

ಮೂರು: ಒಬ್ಬರಿಗೆ ಭಾರವಾದದ್ದು ಹತ್ತು ಜನಕ್ಕೆ ಹಗುರ. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆಯ ಸುತ್ತಲಿನ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಗ್ರಾಮೀಣ ಬಾನುಲಿ ಕೂಟಗಳ ಪ್ರಯೋಗ ನಡೆಯಿತು. ಊರಿನವರು ಒಂದೆಡೆ ಕೂಡಿ ಕೇಳುವುದು, ಚರ್ಚಿಸುವುದು, ತಿಳಿದದ್ದನ್ನು ಮಾಡಿನೋಡುವುದು ಅದರ ಕ್ರಮ. ಹಾಲಿನ ಸಂಘ, ವಾಚನಾಲಯ, ಭಜನಾ ಮಂದಿರಗಳಲ್ಲಿ ಒಂದು ಹೊಸ ಪೆಟ್ಟಿಗೆಯನ್ನಿಟ್ಟು ಈ ಕ್ರಮವನ್ನು ಮತ್ತೆ ನಡೆಸಬಹುದು.

ನಾಲ್ಕು: ಸಂಚಾರಿ ದೂರವಾಣಿಯಲ್ಲಿ ಅಂತರ್ಜಾಲ ಇರುವವರು ನ್ಯೂಸ್ ಆನ್ ಏರ್ ಆ್ಯಪಿನ ಮೂಲಕ ಆಕಾಶವಾಣಿ ಕೇಳಬಹುದು. ಡಿಡಿ ಫ್ರೀ ಡಿಶ್‌ನಲ್ಲಿಯೂ ಟಿ.ವಿ. ವಾಹಿನಿಗಳ ಜೊತೆಗೆ ಆಕಾಶವಾಣಿಯ ವಾಹಿನಿಗಳುಂಟು. ಆದರೆ ಗಾಳಿಮಳೆಗೆ ಕರೆಂಟು ಹೋಗಿ ದೂರವಾಣಿಯ ಗೋಪುರ ನಿಂತ ದಿನ ಎರಡು ಸೆಲ್ಲಿನ ರೇಡಿಯೋವೇ ಗತಿ.

ಐದು: ನಿಲಯಕ್ಕೆ ಕಾಗದ ಬರೆಯಿರಿ. ಊರು, ತಾಲೂಕು, ದಿನಾಂಕ, ವೇಳೆ, ಕಿಲೋಹರ್ಟ್ಸ್ ಸಂಖ್ಯೆ, ದನಿ ಹೇಗೆ ಕೇಳಿತು, ಯಾವ ಕಾರ್ಯಕ್ರಮದಿಂದ ಏನು ಪ್ರಯೋಜನವಾಯಿತು, ಇಷ್ಟು ಬರೆದರೆ ಸಾಕು. ಎಲ್ಲೆಯ ಆಚೆ ಎಷ್ಟು ಜನ ಕೇಳುತ್ತಾರೆ ಎಂಬುದಕ್ಕೆ ಪ್ರೇಷಕ ಯಂತ್ರ ಸಾಕ್ಷಿ ಹೇಳಲಾರದು. ನಮ್ಮ ಕಾಗದವೇ ಹೇಳಬೇಕು. ಕೇಳುಗರಿಲ್ಲವೆಂದು ಒಂದು ಪ್ರೇಷಕ ನಿಂತ ಮೇಲೆ ಸಭೆ ಕೂಡಿಸಿ ಗೊತ್ತುವಳಿ ಮಾಡುವುದು, ನೀರು ಹರಿದು ಹೋದ ಮೇಲೆ ಒಡ್ಡು ಕಟ್ಟಿದಂತೆ. ಒಡ್ಡು ಕಟ್ಟುವ ಕಾಲ ಇದೇ.