ನಾಲ್ವರು ಸೋದರಿಯರ ಒಂದು ಗಾನತಟ್ಟೆ

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ವಯೋಲಾ ವಿಲಿಯಮ್ಸ್ ಎಂಬ ಅಜ್ಜಿಯೊಬ್ಬರಿದ್ದರು. ಒಂದು ಕಾಲಕ್ಕೆ ಆಪೆರಾ ಎಂಬ ಪಾಶ್ಚಾತ್ಯ ಗೇಯನಾಟಕಗಳಲ್ಲಿ ಹಾಡಿದ ವಿದುಷಿ. ಅಲ್ಲಿಯ ಕಪ್ಪು ಜನಾಂಗದ ವಿದ್ಯಾಭ್ಯಾಸಕ್ಕಾಗಿ ಬಾಳನ್ನೇ ತೇಯ್ದ ಮೇರಿ ಮೆಕ್ಲಿಯೋಡ್ ಬೆಥೂನ್ ಎಂಬ ಮಹಾತಾಯಿಯ ಪ್ರೋತ್ಸಾಹ ಪಡೆದವರು. ಈ ಅಜ್ಜಿ ತಮ್ಮ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹಾಡು ಹೇಳಿಕೊಟ್ಟರು. ಡೆಬ್ಬಿ, ಜೋನಿ, ಕಿಮ್, ಕ್ಯಾಥಿ ಎಂಬ ಸ್ಲೆಜ್ ಮನೆತನದ ಆ ನಾಲ್ವರು ಹುಡುಗಿಯರು ಚರ್ಚಿನಲ್ಲಿಯೂ ಊರಿನ ಸಭೆ ಸಮಾರಂಭಗಳಲ್ಲಿಯೂ ಹಾಡತೊಡಗಿದಾಗ ಅವರನ್ನು ‘ಶ್ರೀಮತಿ ವಿಲಿಯಮ್ಸ್ ಅವರ ಮೊಮ್ಮಕ್ಕಳು’ ಎಂದೇ ಕರೆಯುತ್ತಿದ್ದರು. ನಮ್ಮಲ್ಲಿ ಮದುವೆಮನೆಯಲ್ಲಿ ಹುಡುಗಿಯೊಬ್ಬಳು ದೇವರನಾಮ ಹೇಳಿದರೆ ‘ಇವಳು ಇಂಥವರ ಮೊಮ್ಮಗಳಂತೆ’ ಎಂದು ಹಿರಿಯರು ಗುರುತಿಸುವುದಿಲ್ಲವೇ, ಹಾಗೆ.

ಮುಂದೆ 1971ರಿಂದ ‘ಸಿಸ್ಟರ್ ಸ್ಲೆಜ್’ ಎಂಬ ಹೆಸರಿನಲ್ಲಿ ಇವರ ಗಾನತಟ್ಟೆಗಳು ಹೊರಬರತೊಡಗಿದವು. ಹುಡುಗಿಯರು ಹಾಡಿನ ಜೊತೆಗೆ ಕಾಲೇಜಿನ ಓದನ್ನೂ ಸಾಗಿಸಿದರು. 1974ರಲ್ಲಿ ಆಫ್ರಿಕದ ಕಿನ್ಶಾಸಾ ನಗರದಲ್ಲಿ ನಡೆದ ದೊಡ್ಡ ಸಂಗೀತೋತ್ಸವದಲ್ಲಿಯೂ ಹಾಡಿ ಬಂದರು. ಆದರೂ ಸ್ವದೇಶದಲ್ಲಿ ಹೇಳಿಕೊಳ್ಳುವಂಥ ಕೀರ್ತಿ ಬರಲಿಲ್ಲ. ಏಳೆಂಟು ವರ್ಷ ದುಡಿದರೂ ಫಲ ಕಾಣದಿದ್ದಾಗ, ‘ಈ ಹಾಡಿನ ಹಂಬಲ ಬಿಟ್ಟು ಬೇರೆ ವೃತ್ತಿ ಹಿಡಿಯೋಣವೇ?’ ಎಂಬ ಯೋಚನೆ ಸೋದರಿಯರಲ್ಲಿ ಮೂಡಿತ್ತು.

ಆ ಕಾಲವೇ ಡಿಸ್ಕೋ ಸಂಗೀತದ ಕಾಲ. ಡಿಸ್ಕೋ ಎಂದರೇನೆಂದು ಎರಡು ಮಾತು ಹೇಳಬೇಕು. ವಾದ್ಯಗಾರರ ಬದಲು ಗಾನತಟ್ಟೆಗಳನ್ನು ತಿರುಗಿಸಿ ಕುಣಿಯುವ ಶಾಲೆಗೆ ಫ್ರೆಂಚರು ‘ಡಿಸ್ಕೋತೆಕ್’ ಎನ್ನುತ್ತಿದ್ದರು. ಅದರ ಮೊಟಕು ರೂಪವೇ ಡಿಸ್ಕೋ. ತಾಳದ ನಾಲ್ಕು ಎಣಿಕೆಗೂ ದೊಡ್ಡ ಡೋಲಿನ ಒಂದೊಂದು ಪೆಟ್ಟು, ಅದರ ಮೇಲೆ ಓಡುವ ಗಿಟಾರು, ಅದಕ್ಕೂ ಮೇಲೆ ಪಿಟೀಲುಗಳ ಹೊನಲು. ನ್ಯೂಯಾರ್ಕಿನ ನೃತ್ಯಶಾಲೆಗಳಲ್ಲಿ ಇದನ್ನು ಬೆಳೆಸಿದವರಲ್ಲಿ ಕಪ್ಪು ಜನರು, ಲ್ಯಾಟಿನ್ ಮೂಲದವರು, ಸಲಿಂಗಪ್ರೇಮಿಗಳು ಬಹುಮಂದಿ. ಹಗಲಿನಲ್ಲಿ ಸಮಾಜ ಹತ್ತಿರ ಸೇರಿಸದ ಜನ ಇರುಳಿನಲ್ಲಿ ಅಲ್ಲಿ ಒಟ್ಟಿಗೆ ಕುಣಿಯುತ್ತಿದ್ದರು.

ಈ ಸಂಗೀತದಲ್ಲಿ ಮುಂದಾಳುಗಳಾದ ಇಬ್ಬರು ತರುಣರೆಂದರೆ ‘ಶೀಕ್’ ತಂಡದ ನೈಲ್ ರಾಡ್ಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್. ಒಬ್ಬರದು ಗಿಟಾರು, ಇನ್ನೊಬ್ಬರದು ಮಂದ್ರಸ್ವರದ ಬೇಸ್ ಗಿಟಾರು. ಅವರ ಹಾಡು ಅಮೆರಿಕದಲ್ಲಿ ಜನಪ್ರಿಯವಾದಾಗ ಅಟ್ಲಾಂಟಿಕ್ ಎಂಬ ಗಾನತಟ್ಟೆಯ ಕಂಪನಿ, ನಮ್ಮ ಕಲಾವಿದರಲ್ಲಿ ಯಾರಿಗೆ ಬೇಕಾದರೂ ಹಾಡು ಕಟ್ಟಿಕೊಡಿ ಎಂದಿತು. ಜಗದ್ವಿಖ್ಯಾತ ರೋಲಿಂಗ್ ಸ್ಟೋನ್ಸ್ ತಂಡದವರ ಹೆಸರೂ ಮಾತಿನಲ್ಲಿ ಬಂದಿತು. ತರುಣರಿಗೆ ಅದು ಬೇಡವಾಯಿತು. ಹೆಸರಾದವರಿಗೆ ಹಾಡು ಕೊಟ್ಟು ಗೆದ್ದರೆ ಕೀರ್ತಿ ಅವರಿಗೇ ಸಲ್ಲುತ್ತದೆ. ಹೆಸರಾಗದವರನ್ನು ಗೆಲ್ಲಿಸಿದರೆ ತಮ್ಮ ಕೆಲಸ ಲೋಕಕ್ಕೆ ಕಾಣುತ್ತದೆ ಎಂಬುದು ಅವರ ಲೆಕ್ಕ. ಆಗ ಕಂಪನಿಯ ಅಧ್ಯಕ್ಷ ಜೆರ್ರಿ ಗ್ರೀನ್‌ಬರ್ಗ್ ಸ್ಲೆಜ್ ಸೋದರಿಯರ ವಿಚಾರ ತೆಗೆದರು. ಒಳ್ಳೆಯ ಮನೆಯ ಹುಡುಗಿಯರು, ಒಬ್ಬರನ್ನೊಬ್ಬರು ಬಿಟ್ಟಿರುವುದಿಲ್ಲ, ಅವರೆಲ್ಲ ಒಂದೇ ಕುಟುಂಬ ಎಂದು ಅವರು ಹೇಳುತ್ತ ಹೋದ ಹಾಗೆ ಈ ಇಬ್ಬರು ಗುರುತು ಹಾಕಿಕೊಂಡರು. ಹಾಗೆ ಬರೆದುಕೊಂಡ ಮಾತುಗಳೇ ಹಾಡಾದವು. ‘ವಿ ಆರ್ ಫ್ಯಾಮಿಲಿ’, ಅಂದರೆ ‘ನಾವು ಒಂದು ಕುಟುಂಬ’ ಎಂಬುದೇ ಆ ಹಾಡಿನ ಹೆಸರು. 1979ರ ಜನವರಿಯಲ್ಲಿ ಹೊರಬಂದ ಎಂಟು ಹಾಡುಗಳ ಆಲ್ಬಮ್ಮಿಗೂ ಅದೇ ಹೆಸರು.

ಹಾಡು ಹುಟ್ಟಿದ ರೀತಿಯೂ ಸ್ವಾರಸ್ಯವಾಗಿದೆ. ಹಾಡುವವರಿಗೆ ಮುಂದಾಗಿ ಪಾಠ ಒಪ್ಪಿಸುವುದು ರಾಡ್ಜರ್ಸ್ ಮತ್ತು ಎಡ್ವರ್ಡ್ಸ್ ಅವರ ಪದ್ಧತಿಯಾಗಿರಲಿಲ್ಲ. ಧ್ವನಿಮುದ್ರಣದ ಕೊಠಡಿಯಲ್ಲೇ ಸಾಲು ಸಾಲಾಗಿ ಹೇಳಿಕೊಟ್ಟು ಅಲ್ಲೇ ಹಾಡಿಸುತ್ತಿದ್ದರು. ಬಾಯಿಪಾಠವಾದರೆ ಕಂಠದ ಬೆರಗು ಆರಿಹೋಗುತ್ತದೆ ಎಂಬ ನಂಬಿಕೆ. ಮುಖ್ಯ ಹಾಡಿಗೆ ಕಿರಿಯವಳಾದ ಕ್ಯಾಥಿಯನ್ನೇ ನಿಲ್ಲಿಸಿದರು. ಇನ್ನೂ ಇಪ್ಪತ್ತು ತುಂಬದ ಹುಡುಗಿ ಒಂದೇ ಉಸಿರಿನಲ್ಲೆಂಬಂತೆ, ಮೊದಲ ಸಲಕ್ಕೇ ಹಾಡಿ ಮುಗಿಸಿದಳು. ಅಜ್ಜಿ ಹಾಕಿದ ಸ್ವರದ ಬುನಾದಿ ಇಲ್ಲದಿದ್ದರೆ ಇಂಥ ಧೈರ್ಯ ಬರುತ್ತಿತ್ತೇ?

ಎಲ್ಲವೂ ಒಮ್ಮತದಿಂದ ನಡೆಯಿತೆಂದಲ್ಲ. ಇನ್ನೊಂದು ಹಾಡಿನಲ್ಲಿ ನೃತ್ಯಶಾಲೆಯ ಚೆಲುವನನ್ನು ಕಂಡ ಹೆಣ್ಣು ತನ್ನನ್ನು ಮನೆಗೆ ಕರೆದೊಯ್ಯೆಂದು ಕೇಳುವ ಮಾತಿತ್ತು. ಸೋದರಿಯರು ಒಪ್ಪಲಿಲ್ಲ. ತಾವು ಬೆಳೆದ ಮನೆಗೆ ಈ ಮಾತು ಸಲ್ಲದು, ಬದಲಾಯಿಸಿ ಎಂದರು. ತರುಣರು ಮಣಿಯಲಿಲ್ಲ, ಮಾತು ಹಾಗೆಯೇ ಉಳಿಯಿತು, ಹಾಡು ಗೆದ್ದಿತು. ಗೆದ್ದ ಮಾತ್ರಕ್ಕೆ ಹುಡುಗಿಯರ ಆಕ್ಷೇಪ ಹುರುಳಿಲ್ಲದ್ದೆಂದು ಹೇಳಲಾಗದು. ಹೊರಗಿನ ಊರುಗಳಲ್ಲಿ ಹೆಣ್ಣುಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಮನೆಗಳಲ್ಲಿಯೂ ಇಂಥ ಚರ್ಚೆ ದಿನವೂ ನಡೆಯುವಂಥದೇ.

ಆಲ್ಬಮ್ಮು ಅಮೆರಿಕದ ಪಟ್ಟಿಯಲ್ಲಿ 3ನೆಯ ಸ್ಥಾನಕ್ಕೂ, ‘ವಿ ಆರ್ ಫ್ಯಾಮಿಲಿ’ ಹಾಡು 2ನೆಯ ಸ್ಥಾನಕ್ಕೂ ಏರಿದವು. ಆದರೆ ಅಂಕಿಗಳಿಗಿಂತ ದೊಡ್ಡ ಮಾತು ಅದೇ ವರ್ಷ ಬೇಸ್‌ಬಾಲ್ ಅಂಗಳದಲ್ಲಿ ನಡೆಯಿತು. ನಮಗೆ ಕ್ರಿಕೆಟ್ಟು ಹೇಗೋ ಅಮೆರಿಕದವರಿಗೆ ಆ ಆಟ ಹಾಗೆ. 1979ರ ಜುಲೈ 12ರಂದು ಶಿಕಾಗೋ ನಗರದ ಕ್ರೀಡಾಂಗಣದಲ್ಲಿ ಒಂದೇ ದಿನ ಎರಡು ಪಂದ್ಯಗಳಿದ್ದವು. ಡಿಸ್ಕೋ ತಟ್ಟೆಯೊಂದನ್ನು ತಂದವರಿಗೆ 98 ಸೆಂಟಿಗೆ ಪ್ರವೇಶ! ಎರಡು ಪಂದ್ಯಗಳ ನಡುವೆ ರೇಡಿಯೋದವನೊಬ್ಬ ಆ ತಟ್ಟೆಗಳ ರಾಶಿಯನ್ನು ಸಿಡಿಮದ್ದಿಟ್ಟು ಹಾರಿಸಿದ. ಜನ ಅಂಗಳಕ್ಕೆ ನುಗ್ಗಿ ದಾಂಧಲೆಯೆಬ್ಬಿಸಿ ಎರಡನೆಯ ಪಂದ್ಯವೇ ನಡೆಯದಂತಾಯಿತು. ಕೇವಲ ಒಂದು ಬಗೆಯ ಸಂಗೀತದ ಮೇಲಿನ ಬೇಸರವೇ ಅದು? ಅದನ್ನು ಬೆಳೆಸಿದ ಜನರ ಮೇಲಿನ ತಿರಸ್ಕಾರವೂ ಅದರಲ್ಲಿ ಬೆರೆತಿತ್ತೆಂದು ಹಲವರು ಹೇಳಿದ್ದಾರೆ. ರಾಡ್ಜರ್ಸ್ ಅದನ್ನು ನಾಜಿಗಳು ಪುಸ್ತಕ ಸುಟ್ಟುದಕ್ಕೆ ಹೋಲಿಸಿದರು.

ಅದೇ ವರ್ಷ, ಅದೇ ಆಟದಲ್ಲಿ, ಪಿಟ್ಸ್‌ಬರ್ಗ್ ಪೈರೇಟ್ಸ್ ಎಂಬ ತಂಡ ಈ ಡಿಸ್ಕೋ ಹಾಡನ್ನೇ ತನ್ನ ಹಾಡೆಂದು ಆರಿಸಿಕೊಂಡಿತು. ಆರಿಸಿದವನು 39 ವರ್ಷದ ನಾಯಕ ವಿಲ್ಲಿ ಸ್ಟಾರ್ಜೆಲ್. ತಂಡದ ಹುಡುಗರು ಅವನನ್ನು ಪ್ರೀತಿಯಿಂದ ‘ಪಾಪ್ಸ್’, ಎಂದರೆ ಅಪ್ಪ, ಎನ್ನುತ್ತಿದ್ದರು. ಕಪ್ಪು, ಬಿಳಿ, ಲ್ಯಾಟಿನ್ ಎಂದು ಬಗೆಬಗೆಯ ಆಟಗಾರರಿದ್ದ ತಂಡ ಅದು. ಅಕ್ಟೋಬರಿನ ವರ್ಲ್ಡ್ ಸೀರೀಸ್ ಪಂದ್ಯಾವಳಿಯಲ್ಲಿ ಬಾಲ್ಟಿಮೋರ್ ತಂಡದೆದುರು ಮೊದಲ ನಾಲ್ಕರಲ್ಲಿ ಮೂರನ್ನು ಸೋತು, ಉಳಿದ ಮೂರನ್ನೂ ಗೆದ್ದು ಪ್ರಶಸ್ತಿಯನ್ನು ಹೊತ್ತು ತಂದಿತು. ಶಿಕಾಗೋದಲ್ಲಿ ಸಿಡಿಮದ್ದಿಗೆ ಗುರಿಯಾದ ಸಂಗೀತ ಪಿಟ್ಸ್‌ಬರ್ಗಿನಲ್ಲಿ ಊರೊಟ್ಟಿನ ಹಾಡಾಗಿ ಮೆರೆಯಿತು.

ಅಲ್ಲಿಂದ ಮುಂದೆ ಈ ಹಾಡು ನಾಲ್ವರು ಸೋದರಿಯರದು ಮಾತ್ರವಾಗಿ ಉಳಿಯಲಿಲ್ಲ. ಮನೆಯವರಿಂದ ದೂರವಾದ ಸಲಿಂಗಪ್ರೇಮಿಗಳು ತಾವೇ ಕಟ್ಟಿಕೊಂಡ ಬಳಗಕ್ಕೆ ಅದನ್ನು ಹಾಡಿದರು. ನ್ಯೂಯಾರ್ಕಿನ ಮೇಲೆ 2001ರ ಸೆಪ್ಟೆಂಬರಿನಲ್ಲಿ ದಾಳಿ ನಡೆದಾಗ ರಾಡ್ಜರ್ಸ್ ನೂರಾರು ಕಲಾವಿದರನ್ನು ಕೂಡಿಸಿ ಅದನ್ನೇ ಮತ್ತೆ ಹಾಡಿಸಿದರು. ಅದೇ ಹೆಸರಿನ ಸೇವಾಸಂಸ್ಥೆಯೊಂದೂ ಬೆಳೆಯಿತು. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಇದನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಇಷ್ಟಾಗಿಯೂ ಆ ಸೋದರಿಯರ ತಂಡ ಒಡೆಯದೆ ಉಳಿಯಲಿಲ್ಲ. ಕ್ಯಾಥಿ 1989ರಲ್ಲಿ ಬೇರೆಯಾಗಿ ತನ್ನ ಹಾದಿ ಹಿಡಿದಳು. ಬರ್ನಾರ್ಡ್ ಎಡ್ವರ್ಡ್ಸ್ 1996ರಲ್ಲಿ ತೀರಿಕೊಂಡರು. 2017ರ ಮಾರ್ಚಿನಲ್ಲಿ ಜೋನಿಯೂ ಕಣ್ಮುಚ್ಚಿದರು. ಕುಟುಂಬವೆಂದು ಜಗತ್ತಿಗೆಲ್ಲ ಸಾರಿದವರೇ ಬೇರೆ ಬೇರೆ ವೇದಿಕೆಗಳಲ್ಲಿ ನಿಂತರಲ್ಲ ಎಂದು ಕೊಂಕು ನುಡಿಯುವುದು ಸುಲಭ. ಆದರೆ ಯಾವ ಕೂಡುಕುಟುಂಬ ಪಾಲಾಗಲಿಲ್ಲ? ನಮ್ಮಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಊರು ಸೇರಿ ಒಲೆ ಹೂಡಿದರೂ, ಅಜ್ಜಿ ಹೇಳಿಕೊಟ್ಟ ಹಾಡು ಎಲ್ಲರ ಮನೆಯಲ್ಲಿಯೂ ಒಂದೇ ರಾಗದಲ್ಲಿ ಕೇಳಿಸುತ್ತದೆ. ಶ್ರೀಮತಿ ವಿಲಿಯಮ್ಸ್ ಅವರ ಮೊಮ್ಮಕ್ಕಳ ಹಾಡನ್ನು ಇಂದು ಅವರ ಮುಖವನ್ನೇ ಕಾಣದ ಜನ ತಮ್ಮ ಮನೆಯ ಹಾಡೆಂದು ಹಾಡುತ್ತಿದ್ದಾರೆ. ಮನೆಯಲ್ಲಿ ಕಲಿತ ವಿದ್ಯೆಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕೇ?